ನೇರ ಪ್ರಸಾರ

ಭಾನುವಾರ ಬೆಳಿಗ್ಗೆ ಮನೆಗೆ ಬಂದವರ ಮೊಬೈಲುಗಳನ್ನು ಈಸಿಕೊಂಡು ತನ್ನದರ ಜೊತೆ ಬೆತ್ತದ ಬುಟ್ಟಿಯಲ್ಲಿ ಬೋರಲಾಗಿ ಮಲಗಿಸುವ ಕೆಲಸ ಅವನದು. ಅದನ್ನವನು ಸ್ವಲ್ಪ ಗತ್ತಿನಿಂದಲೇ ಮಾಡುತ್ತಿದ್ದ. ಬಂದವರು ಕೋಟು ಕಳಚುವ ಮೊದಲೇ ಬಾಗಿಲಲ್ಲಿ ನಿಂತು ಕೈ ಚಾಚುತ್ತಿದ್ದ. ಊರಿನ ಚಾನೆಲ್ಲುಗಳು ಈ ಹೊರದೇಶಕ್ಕೆ ಬರುತ್ತಿದ್ದದ್ದು ಟಿವಿಯ ಹಿಂದೆ ಅಂಟಿಸಿದ ಅಂಗೈಯಗಲದ ಕಪ್ಪು ಪೆಟ್ಟಿಗೆಯ ಮೂಲಕ, ಇಂಟರ್ನೆಟ್ಟಿನಲ್ಲಿ. ಪರದೆಯ ಮೂಲೆಯಲ್ಲಿ ‘ನೇರ ಪ್ರಸಾರ’ ಎಂಬ ಕೆಂಪು ಅಕ್ಷರಗಳು ಮಿನುಗುತ್ತಿದ್ದರೂ ಅದು ಅಷ್ಟೇನೂ ನೇರವಲ್ಲ. ಎಲ್ಲೆಲ್ಲೋ ಸುತ್ತಿಕೊಂಡು, ದಾರಿಯಲ್ಲಿ ದಣಿವಾರಿಸಿಕೊಂಡು, ಅಲ್ಲಿ ಆಗಿಹೋದದ್ದು ಇಲ್ಲಿ ಕೆಲವು ನಿಮಿಷ ತಡವಾಗಿ ಆಗುತ್ತಿತ್ತು. ಹಿಂದೊಮ್ಮೆ ಹಾಡಿನ ಸ್ಪರ್ಧೆಯಲ್ಲಿ ಯಾರು ಹೊರಗೆ ಹೋಗುತ್ತಾರೆಂದು ಎಲ್ಲರೂ ಉಸಿರು ಬಿಗಿಹಿಡಿದು ಕೂತಿದ್ದಾಗ ಬಸ್ ಡ್ರೈವರನ ಮೊಬೈಲಿಗೆ ಊರಿಂದ ಅವನ ಅತ್ತಿಗೆಯ ಮೆಸೇಜು ಬಂತು. ಅವನು ಅದನ್ನು ಓದಿ, ತಡೆದುಕೊಳ್ಳಲಾರದೆ, ಹೋಗುವವಳ ಹೆಸರು ಹೇಳಿಬಿಟ್ಟ. ಪರದೆಯ ಮೇಲೆ ಆ ಹುಡುಗಿ ಇನ್ನೂ ನಗುತ್ತ ಕೈಬೀಸುತ್ತಿದ್ದಳು. ಅವತ್ತಿನಿಂದ ಈ ಬುಟ್ಟಿ. ತೀರ್ಪುಗಾರರು ಬಾಯಿ ತೆರೆಯುವ ಮುಂಚೆಯೇ ತೀರ್ಪು ಹೇಳುವ ಆ ಡ್ರೈವರನಿಗೆ ಅವತ್ತಿನಿಂದಲೇ ಜಡ್ಜ್ ಎಂದು ಹೆಸರು ಬಿದ್ದದ್ದು.

ಇವತ್ತು ಅದೇ ಸ್ಪರ್ಧೆಯ ಕೊನೆಯ ದಿನ. ಜಡ್ಜ್ ಬಂದು ಸೋಫಾದ ತನ್ನ ಮೂಲೆ ಹಿಡಿದಿದ್ದ. ಫಾರ್ಮಸಿಸ್ಟ್ ಮತ್ತು ಅವನ ಹೆಂಡತಿಯೂ ಬಂದಿದ್ದರು. ಸ್ಪರ್ಧೆ ಶುರುವಾಗಲು ಇನ್ನೂ ಹೊತ್ತಿತ್ತು. ಅದೇ ಚಾನೆಲ್ಲಿನಲ್ಲಿ ಈಗ ಹಲ್ಲಿನ ಡಾಕ್ಟರರೊಬ್ಬರು ಕೂತು, ಫೋನ್ ಮಾಡಿದ ವೀಕ್ಷಕರಿಗೆ ಸಲಹೆ ಕೊಡುತ್ತಿದ್ದರು. ಅವನು ರಿಮೋಟನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಈ ಮನೆಯಲ್ಲಿ ರಿಮೋಟು ಬೇರೆ ಯಾರ ಕೈಗೂ ಹೋಗುತ್ತಿರಲಿಲ್ಲ. ವಾರವಿಡೀ ನೆಲಮಾಳಿಗೆಯ ಲ್ಯಾಬಿನಲ್ಲಿ ಕೂತು ಬೇರೆಯವರ ಬಾಯಿಗೆ ಹಲ್ಲಿನ ಸೆಟ್ಟು ಮಾಡುವವನನ್ನು, ಮೇಲಿನ ಮಹಡಿಯ ಡಾಕ್ಟರುಗಳು ಹೆಸರು ಹಿಡಿದೂ ಕರೆಯದವನನ್ನು, ನಾಲ್ಕು ಜನ ಕಾದು ಕೂತು ನೋಡುವುದು ಭಾನುವಾರ ಮಾತ್ರ. ಆ ಹೊತ್ತು ಅವನ ನಡಿಗೆಯೇ ಬೇರೆಯಾಗುತ್ತಿತ್ತು. ಹೆಂಡತಿ ಒಮ್ಮೆ, ಮದುವೆ ಮನೆಯಲ್ಲಿ ಬಡಿಸುವವರ ಮುಂದೆ ಓಡಾಡುವ ಹುಡುಗಿಯ ಸೋದರಮಾವನ ಹಾಗೆ ಆಡ್ತೀರಿ ನೀವು, ಎಂದು ನಕ್ಕಿದ್ದಳು. ಅವನೂ ನಕ್ಕಿದ್ದ. ಆಮೇಲೆ ಅದು ಸಣ್ಣಗೆ ಚುಚ್ಚಿತು.

ಡಾಕ್ಟರರ ಮೇಜಿನ ಮೇಲೆ ಪ್ಲಾಸ್ಟರಿನ ಒಂದು ದವಡೆ ಇತ್ತು, ತೋರಿಸುವುದಕ್ಕೆಂದು. ಅದರ ಅಂಚು ಸರಿಯಾಗಿ ಉಜ್ಜಿಲ್ಲ ಎಂದು ಅವನಿಗೆ ನೋಡಿದ ತಕ್ಷಣ ಕಂಡಿತು. ಹೇಳಿಯೂ ಬಿಟ್ಟ. ಫಾರ್ಮಸಿಸ್ಟನ ಹೆಂಡತಿ, ಅಣ್ಣ ಹೇಳೋದು ಸರಿ, ಯಾವ ಕೆಲಸವೂ ಮಾಡೋರಿಗೇ ಗೊತ್ತಾಗೋದು, ಅಂದಳು. ಅವನಿಗೆ ಹಿತವಾಯಿತು. ಹಿತವಾದ ಮರುಕ್ಷಣವೇ ಬೇರೊಂದು ದವಡೆ ಕಣ್ಣ ಮುಂದೆ ಬಂತು. ಲ್ಯಾಬಿನ ಕಿಟಕಿಯಿಲ್ಲದ ಗೋಡೆಯ ಮೇಲಿನ ಕಪಾಟು. ಕೆಳಗಿನ ಎರಡು ಹಲಗೆಗಳಲ್ಲಿ ಈ ವಾರದ ಕೆಲಸ, ಹೆಸರಿನ ಚೀಟಿ ಅಂಟಿಸಿದ ದವಡೆಗಳು, ತೆರೆದು ಮುಚ್ಚುವ ಹಿತ್ತಾಳೆಯ ಯಂತ್ರಗಳಲ್ಲಿ ಸಿಕ್ಕಿಕೊಂಡು ನಗುತ್ತಿದ್ದವು. ಮೇಲಿನ ಹಲಗೆಯ ಮೂಲೆಯಲ್ಲಿ, ಖಾಲಿ ಪ್ಲಾಸ್ಟರ್ ಡಬ್ಬದ ಹಿಂದೆ, ಹಳೆಯ ರವಿಕೆಯ ತುಂಡಿನಲ್ಲಿ ಸುತ್ತಿಟ್ಟ ಒಂದು ದವಡೆ. ಅದಕ್ಕೆ ಚೀಟಿ ಇರಲಿಲ್ಲ. ಮೇಲ್ದವಡೆ. ಮುಂದಿನ ನಾಲ್ಕು ಹಲ್ಲುಗಳ ಜಾಗ ಬರಿದು. ಆ ಬರಿದು ಜಾಗದಲ್ಲಿ ಎರಡು ಹಲ್ಲನ್ನು ಅವನು ಕೆಂಪು ಮೇಣದಲ್ಲಿ ಕೂರಿಸಿದ್ದ, ಒಂದು ಸಂಜೆ, ಬಹಳ ಹಿಂದೆ. ಉಳಿದೆರಡಕ್ಕೆ ಕೈ ಬರಲಿಲ್ಲ. ಕೈ ಬರಲಿಲ್ಲ ಎನ್ನುವುದೂ ಸುಳ್ಳೇ. ಆ ಸಂಜೆ ಊರಿನ ಚಾನೆಲ್ಲಿನಲ್ಲಿ ಏನೋ ಇತ್ತು. ಏನಿತ್ತೆಂದು ಈಗ ನೆನಪಿಲ್ಲ.

ಆ ದವಡೆಯ ಅಚ್ಚು ತೆಗೆದದ್ದು ಊರಿನಲ್ಲಿ, ಅಕ್ಕನ ಅಡುಗೆಮನೆಯಲ್ಲಿ. ಎರಡು ವರ್ಷದ ಹಿಂದೆ ಊರಿಗೆ ಹೋದಾಗ ಬಾಗಿಲು ತೆರೆದ ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡೇ ನಕ್ಕಿದ್ದಳು. ವಸಡು ಹಾಳಾಗಿ ಮುಂದಿನ ಹಲ್ಲು ಕೀಳಿಸಬೇಕಾಯಿತು, ಫೋನಲ್ಲಿ ಹೇಳಿದ್ದೆನಲ್ಲೋ, ಎಂದು ಕೈಯ ಹಿಂದಿನಿಂದ ಹೇಳಿದಳು. ಹೇಳಿದ್ದಳು, ಅವನು ಹೂಂಗುಟ್ಟಿದ್ದ, ಕಿವಿಗೆ ಹಾಕಿಕೊಂಡಿರಲಿಲ್ಲ. ಅಕ್ಕ ಒಂದು ನರ್ಸಿಂಗ್ ಹೋಮಿನಲ್ಲಿ ಟೆಲಿಫೋನ್ ಆಪರೇಟರ್. ‘ನಮಸ್ಕಾರ, ಹೇಳೀ’ ಎಂದು ಕೊನೆಯ ಅಕ್ಷರವನ್ನು ಮೆಲ್ಲಗೆ ಮೇಲಕ್ಕೆತ್ತಿ ಬಿಡುವ ಅವಳ ದನಿಯನ್ನು ಕೇಳುವುದಕ್ಕಾಗಿಯೇ ಫೋನ್ ಮಾಡುವವರಿದ್ದರು ಎಂದು ಅಲ್ಲಿಯ ನರ್ಸುಗಳು ತಮಾಷೆ ಮಾಡುತ್ತಿದ್ದರು. ಅವಳ ಕಿವಿಯೂ ಹಾಗೆಯೇ. ಆ ಕಡೆ ಫ್ಯಾನು ತಿರುಗುತ್ತಿದೆಯೋ, ಬಸ್ಸು ಹೋಯಿತೋ, ಮಾತಾಡುವವರ ಹಿಂದೆ ಯಾರೋ ಹೇಳಿಕೊಡುತ್ತಿದ್ದಾರೋ, ಎಲ್ಲ ತಿಳಿಯುತ್ತಿತ್ತು. ಕಾಲೇಜಿನ ದಿನಗಳಲ್ಲಿ ಅವನು ಅಂಗಡಿಯ ಫೋನಿನಿಂದ ಕರೆ ಮಾಡಿ, ಸ್ಪೆಷಲ್ ಕ್ಲಾಸಿದೆ, ಬರೋದು ತಡವಾಗುತ್ತೆ ಎಂದಾಗ, ಕ್ಲಾಸಿನಲ್ಲಿ ಕೇರಂ ಆಡಿಸ್ತಾರೇನೋ ಎಂದು ಕೇಳಿದ್ದಳು. ಹಿಂದೆ ಸ್ಟ್ರೈಕರ್ ಬಡಿದ ಸದ್ದು ಅವನಿಗೇ ಕೇಳಿಸಿರಲಿಲ್ಲ. ಬೈಯಲಿಲ್ಲ. ಬೇಗ ಬಾ, ಊಟ ಆರುತ್ತೆ, ಎಂದಷ್ಟೇ ಹೇಳಿ ಇಟ್ಟಿದ್ದಳು. ಆ ಸಂಬಳದಲ್ಲೇ ಅವನು ಓದಿದ್ದು. ಅದನ್ನು ಅವಳು ಒಂದು ದಿನವೂ ಎತ್ತಿ ಆಡಿದವಳಲ್ಲ. ಆಡಿದ್ದರೆ ಎಷ್ಟೋ ವಾಸಿಯಾಗಿತ್ತು ಎಂದು ಈಗೀಗ ಅವನಿಗೆ ಅನಿಸುತ್ತಿತ್ತು, ತಿರುಗಿ ಜಗಳವಾಡಬಹುದಿತ್ತು.

ಹಲ್ಲು ಹೋದ ಮೇಲೆ ಮಾತಿನಲ್ಲಿ ಗಾಳಿ ಸೋರುತ್ತದೆಂದು ಅವಳನ್ನು ಫೋನಿನಿಂದ ಎಬ್ಬಿಸಿ, ಹಳೆಯ ಎಕ್ಸ್‌ರೇ ಕವರುಗಳನ್ನು ಜೋಡಿಸುವ ಹಿಂದಿನ ಕೋಣೆಗೆ ಹಾಕಿದ್ದರು. ಹಲ್ಲು ಕಟ್ಟಿಸಿಕೊಂಡರೆ ಮತ್ತೆ ಫೋನಿಗೇ ಕೂರಿಸೋಣವಂತೆ ಎಂದು ಬಾಯಿಮಾತಿಗೆ ಹೇಳಿದ್ದರಂತೆ. ಕಟ್ಟಿಸೋಣ ಅಂತಿದೀನಿ, ಇಲ್ಲೇ ಮೂಲೆಯಲ್ಲೊಬ್ಬ ಡಾಕ್ಟರಿದಾನೆ, ಎಂದಳು ಅಕ್ಕ. ಬೇಡ ಎಂದವನು ಅವನು. ‘ಇಲ್ಲಿಯವರ ಕೈಲಿ ಮಾಡಿಸಬೇಡ ಅಕ್ಕ. ನಾನಿಲ್ಲವಾ? ನಾನು ಮಾಡಿಕೊಡೋ ಹಲ್ಲು ನೋಡಿ, ನಿನ್ನದೇ ಹುಟ್ಟಿದ್ದು ಅನ್ನಬೇಕು ಜನ.’ ಮಾರನೆಯ ದಿನವೇ ಪೇಟೆಗೆ ಹೋಗಿ ಅಚ್ಚಿನ ಪುಡಿಯನ್ನೂ ದವಡೆಯಾಕಾರದ ಪುಟ್ಟ ತಟ್ಟೆಯನ್ನೂ ತಂದು, ಪುಡಿಯನ್ನು ಅವಳದೇ ಪಾತ್ರೆಯಲ್ಲಿ ಕಲಸಿ ತುಂಬಿ, ತಟ್ಟೆಯನ್ನು ಬಾಯಿಗಿಟ್ಟು ಒತ್ತಿ ಹಿಡಿದಿದ್ದ. ಅವಳಿಗೆ ಓಕರಿಕೆ ಬಂದು, ಕಣ್ಣಲ್ಲಿ ನೀರು ಬಂದು, ಆ ನೀರಿನಲ್ಲೇ ನಗು ಬಂದು, ಅವನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಮೂಗಿನಲ್ಲಿ ಉಸಿರಾಡು, ಮೂಗಿನಲ್ಲಿ, ಎಂದು ಅವನು ಹೇಳುತ್ತಿದ್ದ. ಅವಳ ತಲೆಯನ್ನು ತನ್ನ ಹೊಟ್ಟೆಗೆ ಒರಗಿಸಿಕೊಂಡಿದ್ದ. ಜೀವಮಾನದಲ್ಲಿ ಅಕ್ಕನಿಗೆ ತಾನು ಮಾಡಿದ ಒಂದೇ ಕೆಲಸ ಅದು, ಮತ್ತು ಆ ಹೊತ್ತು ತನಗೆ ಆದ ಹೆಮ್ಮೆ ಎಂಥದ್ದು ಎಂಬುದು ನೆನಪಾದಾಗಲೆಲ್ಲ ಅವನಿಗೆ ತನ್ನ ಮುಖವನ್ನು ಯಾರಿಗೂ ತೋರಿಸಬಾರದು ಎನಿಸುತ್ತಿತ್ತು.

‘ಹಣ್ಣು ತಗೊಳ್ಳಿ,’ ಎಂದು ಹೆಂಡತಿ ಸಿಪ್ಪೆ ಸುಲಿದ ಕಿತ್ತಳೆಯ ತಟ್ಟೆಯನ್ನು ಎಲ್ಲರ ಮುಂದೆ ಹಿಡಿದಳು. ಪರದೆಯಲ್ಲಿ ಯಾರೋ ಗಂಡಸು ತನ್ನ ಬಾಯಿವಾಸನೆಯ ಬಗ್ಗೆ ಬಹಳ ಮುಚ್ಚುಮರೆಯಿಂದ ಕೇಳುತ್ತಿದ್ದ. ತನ್ನದಲ್ಲ, ಸ್ನೇಹಿತನದು ಎನ್ನುತ್ತಿದ್ದ. ಜಡ್ಜ್ ತೊಡೆ ತಟ್ಟಿಕೊಂಡು ನಕ್ಕ. ಚಾನೆಲ್ ಬದಲಿಸಲೇ ಎಂದು ಅವನು ಕೇಳಿದ. ಬೇಡ ಗುರುವೇ, ಆಮೇಲೆ ಪೆಟ್ಟಿಗೆ ಸುತ್ತೋಕೆ ಶುರುಮಾಡಿದ್ರೆ ಹಾಡೂ ಇಲ್ಲ ಗೀಡೂ ಇಲ್ಲ, ಎಂದ ಜಡ್ಜ್. ಅದೂ ನಿಜವೇ. ಒಮ್ಮೆ ಚಾನೆಲ್ ಬಿಟ್ಟರೆ ಮತ್ತೆ ಬರುವಾಗ ಪರದೆಯ ನಡುವೆ ಬಿಳಿಯ ಬಳೆಯೊಂದು ತಿರುಗುತ್ತಲೇ ಇರುತ್ತಿತ್ತು. ಆ ಬಳೆಯನ್ನು ನೋಡುತ್ತ ಅವನು ಎಷ್ಟು ಸಂಜೆಗಳನ್ನು ಕಳೆದಿಲ್ಲ! ಕೆಲಸದಿಂದ ಬಂದು ಬೂಟು ಬಿಚ್ಚುವ ಮುಂಚೆ ಟಿವಿ ಹಚ್ಚುತ್ತಿದ್ದ. ಊರಿನ ಯಾವ ಬೀದಿಯಲ್ಲಿ ನೀರಿನ ಪೈಪು ಒಡೆದಿದೆ, ಯಾವ ಸರ್ಕಲ್ಲಿನಲ್ಲಿ ಸಿಗ್ನಲ್ ಕೆಟ್ಟಿದೆ ಎಲ್ಲ ಅವನಿಗೆ ಗೊತ್ತಿತ್ತು. ಅಕ್ಕನ ನರ್ಸಿಂಗ್ ಹೋಮಿನ ಮುಂದಿನ ರಸ್ತೆ ಅಗೆದು ಹಾಕಿದ್ದನ್ನು ಎರಡು ದಿನ ತೋರಿಸಿದರು. ಗುಂಡಿಯ ಮೇಲೆ ಹಾಸಿದ ಹಲಗೆಯ ಮೇಲೆ ಹೆಂಗಸರು ಸೀರೆ ಎತ್ತಿಕೊಂಡು ದಾಟುತ್ತಿದ್ದರು. ಅವರಲ್ಲಿ ಅಕ್ಕ ಇದ್ದಾಳೇನೋ ಎಂದು ಪರದೆಗೆ ಮುಖ ಹತ್ತಿಸಿ ಹುಡುಕಿದ್ದ. ಹುಡುಕುತ್ತಿದ್ದಾಗಲೇ ಅವಳ ಫೋನ್ ಬಂದಿತ್ತು. ಡ್ಯೂಟಿಯಲ್ಲಿದೀನಿ ಅಕ್ಕ, ಆಮೇಲೆ ಮಾಡ್ತೀನಿ, ಎಂದು ಇಟ್ಟು, ಮತ್ತೆ ಪರದೆಯಲ್ಲಿ ಅವಳನ್ನು ಹುಡುಕಿದ್ದ.

ಅವಳು ಹಲ್ಲಿನ ಮಾತು ಎತ್ತುತ್ತಿರಲಿಲ್ಲ. ಅದೇ ಕಷ್ಟವಾದದ್ದು. ಮೊದಮೊದಲು ಅವನೇ, ಈ ತಿಂಗಳು ಮುಗಿಸ್ತೀನಿ, ಎನ್ನುತ್ತಿದ್ದ. ನಿಧಾನವಾಗಲಿ, ಅದಕ್ಕೇನವಸರ, ಎನ್ನುತ್ತಿದ್ದಳು. ಆಮೇಲೆ ಅವನೂ ಎತ್ತುವುದನ್ನು ಬಿಟ್ಟ. ಇಬ್ಬರೂ ಎತ್ತದ ಮಾತು ಪ್ರತಿ ಕರೆಯಲ್ಲೂ ನಡುವೆ ಬಂದು ಕೂರುತ್ತಿತ್ತು. ಅವಳ ‘ಸ’ಕಾರದಲ್ಲಿ ಗಾಳಿ ಸೋರುವುದು ಕೇಳಿದರೆ ಸಾಕು, ಯಾವ ಹಲ್ಲಿನ ಸಂದಿಯಿಂದ ಎಂದು ಅವನ ಕಿವಿಯೇ ಲೆಕ್ಕ ಹಾಕುತ್ತಿತ್ತು. ಹೀಗಾಗಿ ಕರೆಗಳೇ ಕಡಿಮೆಯಾದವು. ಒಂದು ಸಲ ಅಕ್ಕ, ನಮ್ಮ ಚಾನೆಲ್ಲು ಅಲ್ಲೂ ಬರುತ್ತಂತಲ್ಲೋ, ನೋಡ್ತೀಯಾ, ಎಂದು ಕೇಳಿದಾಗ ಅವನು, ಎಲ್ಲಿಂದ ಅಕ್ಕ, ನಮಗೆಲ್ಲಿ ಪುರಸೊತ್ತು, ಎಂದುಬಿಟ್ಟ. ಟಿವಿ ನೋಡಲು ಪುರಸೊತ್ತಿರುವವನಿಗೆ ನಾಲ್ಕು ಹಲ್ಲು ಕೂರಿಸಲು ಯಾಕಿಲ್ಲ ಎಂದು ಅವಳು ಕೇಳುವವಳಲ್ಲ. ಆದರೂ ಹೇಳಿಬಿಟ್ಟ. ಆಮೇಲೆ ಹೆಂಡತಿಗೂ, ಅಕ್ಕ ಕೇಳಿದರೆ ಟಿವಿ ಇಲ್ಲ ಅನ್ನು, ಎಂದು ಹೇಳಿಕೊಟ್ಟ. ಅವಳು ತಲೆಯಾಡಿಸಿದಳು. ಏನಾದರೂ ಅಂದಿದ್ದರೆ ಚೆನ್ನಾಗಿರುತ್ತಿತ್ತು.

‘ಮುಂದಿನ ಕರೆ ತಗೊಳ್ಳೋಣ ಡಾಕ್ಟ್ರೇ,’ ಎಂದಳು ನಿರೂಪಕಿ. ‘ಹಲೋ, ಹೇಳಿ, ಯಾರು ಮಾತಾಡ್ತಿದೀರಿ?’

ಕೊಯ್ಯ್ ಎಂಬ ಸದ್ದು, ಅದರ ಹಿಂದೆ ನಿರೂಪಕಿಯ ದನಿಯೇ ಮತ್ತೊಮ್ಮೆ ತಗಡಿನ ಡಬ್ಬದೊಳಗಿನಿಂದ ಬಂದ ಹಾಗೆ. ‘ನಿಮ್ಮ ಟಿವಿ ಸದ್ದು ಸ್ವಲ್ಪ ಕಡಿಮೆ ಮಾಡಿಯಮ್ಮ,’ ಎಂದಳು ನಿರೂಪಕಿ ಅಭ್ಯಾಸಬಲದಿಂದ. ಈ ಮಾತು ಬಂದಾಗಲೆಲ್ಲ ಜಡ್ಜ್ ಅದನ್ನು ಅವಳದೇ ರಾಗದಲ್ಲಿ ಜೊತೆಗೆ ಹೇಳುತ್ತಿದ್ದ; ಇವತ್ತೂ ಹೇಳಿದ. ಕೊಯ್ಯ್ ನಿಂತಿತು. ‘ಹಾಂ, ಈಗ ಹೇಳಿ.’

‘ನಮಸ್ಕಾರ, ಹೇಳೀ,’ ಎಂದಿತು ಆ ಕಡೆಯ ದನಿ. ಕೂಡಲೇ ತಡವರಿಸಿ, ‘ಅಯ್ಯೋ, ನಾನಲ್ಲವಾ ಹೇಳಬೇಕಾದ್ದು,’ ಎಂದು ನಕ್ಕಿತು. ಸ್ಟುಡಿಯೋದಲ್ಲಿ ಡಾಕ್ಟರರೂ ನಕ್ಕರು. ಅವನ ಬಾಯಲ್ಲಿದ್ದ ಕಿತ್ತಳೆಯ ತೊಳೆ ಅಲ್ಲೇ ನಿಂತಿತು. ನಗುವಾಗ ಅಕ್ಕ ಕೈ ಅಡ್ಡ ಹಿಡಿದದ್ದು ಕೂಡ ಅವನಿಗೆ ಕೇಳಿಸಿತು. ದನಿ ಒಂದು ಕ್ಷಣ ಮಂದವಾಗಿ ಮತ್ತೆ ತೆರೆದುಕೊಂಡಿತ್ತು. ಅವನು ಹೆಂಡತಿಯ ಕಡೆ ನೋಡಲಿಲ್ಲ. ನೋಡದೆಯೂ ಅವಳ ಚಾಕು ಸಿಪ್ಪೆಯ ಮೇಲೆ ನಿಂತದ್ದು ತಿಳಿಯಿತು.

ಹೆಸರು ಬೇಡಮ್ಮ, ಮನೆಯವರಿಗೆ ಮುಜುಗರವಾಗುತ್ತೆ, ಎಂದಳು ಅಕ್ಕ. ನಿರೂಪಕಿ ಒಪ್ಪಿದಳು. ಆಮೇಲೆ ಅಕ್ಕ ವಿಷಯಕ್ಕೆ ಬಂದಳು. ಮುಂದಿನ ನಾಲ್ಕು ಹಲ್ಲಿಲ್ಲ. ತಮ್ಮ ಹೊರದೇಶದಲ್ಲಿದಾನೆ, ಹಲ್ಲು ಮಾಡೋದರಲ್ಲಿ ಅವನನ್ನ ಮೀರಿಸಿದವರಿಲ್ಲ, ದೊಡ್ಡ ದೊಡ್ಡ ಡಾಕ್ಟರುಗಳು ಅವನ ಹತ್ತಿರ ಬರ್ತಾರೆ. ಇಲ್ಲಿಗೆ ಬಂದಾಗ ಅವನೇ ಅಚ್ಚು ತಗೊಂಡು ಹೋಗಿದಾನೆ. ಈಗ ಎರಡು ವರ್ಷವಾಯಿತು. ಮಾಡ್ತಾ ಇದಾನೆ, ಒಳ್ಳೆ ಕೆಲಸಕ್ಕೆ ಹೊತ್ತು ಹಿಡಿಯುತ್ತೆ. ‘ಈ ನಡುವೆ ವಸಡು ಸ್ವಲ್ಪ ಇಳಿದ ಹಾಗೆ ಕಾಣುತ್ತೆ ಡಾಕ್ಟ್ರೇ. ಹಳೇ ಅಚ್ಚಿಗೆ ಮಾಡಿದ್ದು ಈಗಿನ ಬಾಯಿಗೆ ಕೂರುತ್ತಾ? ಅವನು ಅಷ್ಟು ಕಷ್ಟಪಟ್ಟು ಮಾಡಿ ಕಳಿಸಿದ ಮೇಲೆ ಕೂರದೆ ಹೋದರೆ ಅವನಿಗೆ ಬೇಜಾರಾಗಬಾರದು, ಅದಕ್ಕೆ ಕೇಳಿದ್ದು.’

ಕೂರುವುದಿಲ್ಲ. ಡಾಕ್ಟರರು ಬಾಯಿ ತೆರೆಯುವ ಮುಂಚೆ ಅವನ ಒಳಗೆ ಉತ್ತರ ಸಿದ್ಧವಿತ್ತು. ಹಲ್ಲು ಕಿತ್ತ ಜಾಗದಲ್ಲಿ ಮೂಳೆ ಸವೆಯುತ್ತ ಹೋಗುತ್ತದೆ; ಒಂದು ವರ್ಷ ದಾಟಿದ ಅಚ್ಚನ್ನು ಅವನ ಲ್ಯಾಬಿನಲ್ಲಿ ಕಸಕ್ಕೆ ಹಾಕುತ್ತಾರೆ. ಕಪಾಟಿನ ಮೂಲೆಯಲ್ಲಿರುವುದು ಈಗ ಯಾರ ಬಾಯಿಯೂ ಅಲ್ಲ. ಅದು ಗೊತ್ತಿದ್ದೇ ಅವನು ಅದನ್ನು ಎಸೆಯದೆ ಇಟ್ಟುಕೊಂಡಿದ್ದ. ಎಸೆದರೆ ಹೊಸ ಅಚ್ಚು ಬೇಕು, ಹೊಸ ಅಚ್ಚು ಬೇಕೆಂದರೆ ಅಕ್ಕನಿಗೆ ಹೇಳಬೇಕು. ಕಳೆದ ಚಳಿಗಾಲದಲ್ಲಿ ಸೂಪರ್‌ವೈಸರ್ ಕಪಾಟು ಒರೆಸುವಾಗ ಆ ರವಿಕೆಯ ಗಂಟನ್ನು ಬಿಚ್ಚಿ, ಇದು ಯಾರದು, ಚೀಟಿ ಇಲ್ಲವಲ್ಲ, ಎಂದು ಕೇಳಿದ್ದರು. ಅವನು ಕತ್ತೆತ್ತದೆ, ಯಾರದೂ ಅಲ್ಲ, ಕೈ ಪಳಗಿಸಿಕೊಳ್ಳಲು ಇಟ್ಟುಕೊಂಡಿದ್ದೇನೆ, ಎಂದಿದ್ದ. ಇದನ್ನು ಹೇಳಿದ ನಾಲಿಗೆ ಸೇದಿಹೋಗಲಿಲ್ಲ. ಊಟದ ಹೊತ್ತಿಗೆ ಎಲ್ಲರ ಜೊತೆ ಕೂತು ಊಟವನ್ನೂ ಮಾಡಿತು.

‘ಆಹಾ, ಎಂಥಾ ತಮ್ಮ,’ ಎಂದ ಜಡ್ಜ್. ‘ಊರೋರಿಗೆಲ್ಲ ಹಲ್ಲು, ಅಕ್ಕನಿಗೆ ಬೊಚ್ಚುಬಾಯಿ. ಎರಡು ವರ್ಷ ಏನು ಮಾಡ್ತಿದಾನಂತೆ, ಹಲ್ಲು ಬಿತ್ತಿ ಬೆಳೆಸ್ತಿದಾನಾ?’ ಫಾರ್ಮಸಿಸ್ಟ್ ಗಟ್ಟಿಯಾಗಿ ನಕ್ಕ. ಜಡ್ಜ್ ಉತ್ಸಾಹಗೊಂಡು, ನಾಲಿಗೆಯನ್ನು ಮುಂದಿನ ಹಲ್ಲಿಗೆ ಒತ್ತಿ, ‘ವಸ್ಸಡು ಸ್ಸ್ವಲ್ಪ’ ಎಂದು ಅಕ್ಕನ ಹಾಗೆ ಗಾಳಿ ಬಿಟ್ಟ. ಇವನೂ ನಕ್ಕ. ನಗಬೇಕೆಂದು ನಕ್ಕದ್ದಲ್ಲ. ಎಲ್ಲರೂ ನಕ್ಕಾಗ ಮುಖ ತಾನಾಗಿಯೇ ಅಗಲವಾಯಿತು, ಮತ್ತು ಅದನ್ನು ಮತ್ತೆ ಕಿರಿದು ಮಾಡುವುದು ಹೇಗೆಂದು ತಿಳಿಯಲಿಲ್ಲ.

ಫಾರ್ಮಸಿಸ್ಟನ ಹೆಂಡತಿ ಮಾತ್ರ ನಗಲಿಲ್ಲ. ಅವಳು ಪರದೆಯಿಂದ ಕಣ್ಣು ತೆಗೆದು ಇವನ ಕಡೆ ತಿರುಗಿ, ‘ಅಣ್ಣಾ, ನಿಮ್ಮ ಕೆಲಸವೇ ಅಲ್ವಾ ಇದು? ಇವರ ತಮ್ಮ ನಿಮಗೇನಾದ್ರೂ ಗೊತ್ತಿರಬಹುದಾ?’ ಎಂದು ಕೇಳಿದಳು. ಬರೀ ಕೇಳಿದ್ದು. ಅವಳಲ್ಲಿ ಕುಹಕವೇನೂ ಇರಲಿಲ್ಲ.

ಈಗ ಹೇಳಬಹುದು, ಎನಿಸಿತು ಅವನಿಗೆ. ಹೌದು, ನಮ್ಮಕ್ಕ, ಎಂದರೆ ಎರಡು ಮಾತು. ಜಡ್ಜ್ ಕೆಂಪಾಗುತ್ತಾನೆ, ತಪ್ಪಾಯ್ತು ಗುರುವೇ ಎನ್ನುತ್ತಾನೆ, ಅಲ್ಲಿಗೆ ಮುಗಿಯಿತು. ಅವನು ಹೆಂಡತಿಯನ್ನು ನೋಡಿದ. ಅವಳು ಅವನನ್ನೇ ನೋಡುತ್ತಿದ್ದಳು, ಬೈಯುವ ಹಾಗಲ್ಲ. ಜ್ವರ ಬಂದ ಮಗುವಿನ ಬಾಯಲ್ಲಿಟ್ಟ ಥರ್ಮಾಮೀಟರನ್ನು ಕಾಯುವವಳ ಹಾಗೆ.

‘ಇಲ್ಲ,’ ಎಂದ. ‘ನಮ್ಮ ಕೆಲಸದವರು ಎಲ್ಲ ದೇಶದಲ್ಲೂ ಇದಾರೆ. ಯಾರೋ ಏನೋ. ಪಾಪ.’

ಆ ‘ಪಾಪ’ ಎಂಬುದನ್ನು ಯಾಕೆ ಸೇರಿಸಿದನೋ. ಹೆಂಡತಿ ಕಣ್ಣು ತಗ್ಗಿಸಿ ಮತ್ತೆ ಸಿಪ್ಪೆ ಸುಲಿಯತೊಡಗಿದಳು, ಸುಲಿದಿಟ್ಟ ಹಣ್ಣು ತಟ್ಟೆಯ ತುಂಬ ಇದ್ದರೂ. ಡಾಕ್ಟರರು ಕನ್ನಡಕ ಸರಿಮಾಡಿಕೊಂಡು, ನೋಡಿಯಮ್ಮ, ಎಂದು ಶುರುಮಾಡಿ, ಮೂಳೆ ಹೇಗೆ ಸವೆಯುತ್ತದೆಂದು ಮೇಜಿನ ಮೇಲಿನ ದವಡೆಯನ್ನು ಎತ್ತಿ ತೋರಿಸುತ್ತಿದ್ದರು. ಆಗ ಬಾಗಿಲ ಬಳಿಯ ಬುಟ್ಟಿಯಲ್ಲಿ ಒಂದು ಮೊಬೈಲು ಗುಂಯ್ ಗುಂಯ್ ಎಂದು ಬೆತ್ತಕ್ಕೆ ಬಡಿದುಕೊಳ್ಳತೊಡಗಿತು.

ಯಾರದಯ್ಯಾ ಅದು, ಈಗಿನ್ನೂ ಹಾಡೇ ಶುರುವಾಗಿಲ್ಲ, ಗೆದ್ದೋರು ಯಾರು ಅಂತ ಹೇಳೋಕೆ ಮಾಡ್ತಿದಾರಾ, ಎಂದು ಜಡ್ಜ್ ಗದರಿದ. ಬಾಗಿಲಿಗೆ ಹತ್ತಿರ ಕೂತಿದ್ದ ಫಾರ್ಮಸಿಸ್ಟ್ ಎದ್ದು, ಬುಟ್ಟಿಯಲ್ಲಿ ಕೈಯಾಡಿಸಿ, ನಡುಗುತ್ತಿದ್ದ ಮೊಬೈಲನ್ನು ತಿರುಗಿಸಿ ನೋಡಿದ. ‘ನಿಮ್ಮದೇ. ಅಕ್ಕ ಅಂತಿದೆ,’ ಎಂದು ತಂದು ಕೈಗಿತ್ತ. ಪರದೆಯಲ್ಲಿ ಅಕ್ಕ, ಹೌದಾ ಡಾಕ್ಟ್ರೇ, ಹಾಗಾದ್ರೆ ಅದು ವ್ಯರ್ಥವಾಯ್ತಾ, ಎನ್ನುತ್ತಿದ್ದಳು. ಕೈಯಲ್ಲಿ ಅಕ್ಕ ಗುಂಯ್‌ಗುಟ್ಟುತ್ತಿದ್ದಳು. ಒಂದು ಕ್ಷಣ ಅವನಿಗೆ ಯಾವುದು ಯಾವುದೆಂದು ತಿಳಿಯಲಿಲ್ಲ. ಆಮೇಲೆ ತಿಳಿಯಿತು: ಅಲ್ಲಿ ಆ ಮಾತೆಲ್ಲ ಆಗಲೇ ಮುಗಿದುಹೋಗಿದೆ. ಅವಳು ಚಾನೆಲ್ಲಿನ ಫೋನ್ ಇಟ್ಟು, ಸೆರಗಿನಲ್ಲಿ ಮುಖ ಒರೆಸಿಕೊಂಡು, ಇವನಿಗೆ ಮಾಡಿದ್ದಾಳೆ. ಇಲ್ಲಿ ಮಾತ್ರ ಅವಳು ಇನ್ನೂ ಕೇಳುತ್ತಲೇ ಇದ್ದಾಳೆ.

ಕತ್ತರಿಸಿಬಿಡಬಹುದಿತ್ತು. ಎಷ್ಟೋ ಸಲ ಕತ್ತರಿಸಿದ್ದಾನೆ. ಆದರೆ ‘ಅಕ್ಕ’ ಎಂಬ ಹೆಸರನ್ನು ಫಾರ್ಮಸಿಸ್ಟ್ ಎಲ್ಲರಿಗೂ ಕೇಳುವಂತೆ ಹೇಳಿಯಾಗಿತ್ತು. ಈಗಷ್ಟೇ ಯಾವನೋ ತಮ್ಮನನ್ನು ಆಡಿಕೊಂಡು ನಕ್ಕ ಮನೆಯಲ್ಲಿ, ಅಕ್ಕನ ಫೋನನ್ನು ಎಲ್ಲರೆದುರು ಕತ್ತರಿಸುವ ತಮ್ಮನಾಗುವುದು ಅವನಿಂದಾಗಲಿಲ್ಲ. ನಾಲ್ಕು ಜನರ ಮುಂದಿನ ಮರ್ಯಾದೆಗೆ ಹೆದರಿಯೇ ಅವನು ಎದ್ದ. ರಿಮೋಟು ಒಂದು ಕೈಯಲ್ಲಿ, ಮೊಬೈಲು ಒಂದು ಕೈಯಲ್ಲಿ ಹಿಡಿದು ಅಡುಗೆಮನೆಯ ಕಡೆಯ ಓಣಿಯಷ್ಟು ಜಾಗಕ್ಕೆ ಬಂದು ಗೋಡೆಗೆ ಮುಖಮಾಡಿ ನಿಂತ. ಆ ಜಾಗಕ್ಕೆ ಬಾಗಿಲಿರಲಿಲ್ಲ. ಇಂಥ ಸಣ್ಣ ಮನೆಯಲ್ಲಿ ಮಾತು ಮುಚ್ಚಿಡುವುದಕ್ಕೆ ಎಲ್ಲೂ ಜಾಗವಿರಲಿಲ್ಲ.

‘ಹಲೋ, ಅಕ್ಕ.’

‘ಎಲ್ಲಿದೀಯೋ ಪುಟ್ಟಾ?’

‘ಲ್ಯಾಬಿನಲ್ಲಿ ಅಕ್ಕ,’ ಎಂದಿತು ಅವನ ಬಾಯಿ. ಅದು ಯೋಚಿಸಿ ಹೇಳಿದ್ದಲ್ಲ. ಅವಳ ದನಿ ಕೇಳಿದೊಡನೆ ಬಾಯಿಗೆ ಬರುವುದೇ ಅದು, ಎಷ್ಟೋ ತಿಂಗಳಿಂದ. ‘ಅರ್ಜೆಂಟ್ ಕೆಲಸ ಬಂದಿದೆ.’

‘ಭಾನುವಾರವೂ ಬಿಡಲ್ವಾ ನಿನ್ನನ್ನ,’ ಎಂದಳು. ಅವಳ ದನಿಯಲ್ಲಿ ನಿಜವಾದ ಮರುಕ ಇತ್ತು. ‘ಜಾಸ್ತಿ ಹೊತ್ತು ತಗೊಳ್ಳಲ್ಲ. ಒಂದು ಮಾತು ಕೇಳೋಣ ಅಂತ ಮಾಡಿದೆ. ನೀನು ತಪ್ಪು ತಿಳ್ಕೋಬಾರದು. ಅದೇನಂದ್ರೆ...’

ಅವಳು ತಡೆದಳು. ಇಷ್ಟು ಹೊತ್ತು ಕೂಡಿಸಿಕೊಂಡ ಧೈರ್ಯವನ್ನು ನಾಲಿಗೆಯ ತುದಿಗೆ ತರುತ್ತಿರುವುದು ಅವನಿಗೆ ಕೇಳಿಸುತ್ತಿತ್ತು. ಹೇಳಿಬಿಡು ಅಕ್ಕ, ಎಂದು ಅವನು ಒಳಗೇ ಬೇಡಿಕೊಂಡ. ನೀನೇ ಕೇಳಿಬಿಡು, ಒಮ್ಮೆ ಬೈದುಬಿಡು. ಆ ತಡೆದ ಸಂದಿಯಲ್ಲಿ, ಅವನ ಬೆನ್ನ ಹಿಂದೆ, ಊರಗಲದ ಪರದೆಯಿಂದ ಡಾಕ್ಟರರ ದನಿ ಬಂತು. ‘ಅಲ್ಲಮ್ಮಾ, ಇದನ್ನ ನನ್ನ ಕೇಳೋ ಬದಲು ನಿಮ್ಮ ತಮ್ಮನನ್ನೇ ಕೇಳಬಹುದಲ್ಲ? ಈಗಲೇ ಒಂದು ಫೋನ್ ಮಾಡಿ ಕೇಳಿ. ಅವರಿಗೆ ಎಲ್ಲ ಗೊತ್ತಿರುತ್ತೆ.’

ಅದಕ್ಕೆ ಅಕ್ಕ ಹೇಳಿದ ಮಾತು ಮನೆಯ ತುಂಬ ತುಂಬಿತು. ‘ಅವನನ್ನ ಹ್ಯಾಗೆ ಕೇಳಲಿ ಡಾಕ್ಟ್ರೇ. ಕೇಳಿದರೆ ಜ್ಞಾಪಿಸಿದ ಹಾಗಾಗುತ್ತೆ. ಮರೆತಿದ್ದೆ ಅಂತ ಅವನಿಗೇ ಗೊತ್ತಾದರೆ ಬಹಳ ನೊಂದ್ಕೋತಾನೆ. ಚಿಕ್ಕಂದಿನಿಂದ ಹಾಗೇ ಅವನು.’

‘ಬಹ್ಹಳ ನೊಂದ್ಕೋತ್ಸ್ಸಾನೆ,’ ಎಂದು ಜಡ್ಜ್ ಗಾಳಿ ಬಿಟ್ಟದ್ದು, ಫಾರ್ಮಸಿಸ್ಟನ ನಗು, ಸಾಕು ಸುಮ್ಮನಿರಿ ಎಂದ ಅವನ ಹೆಂಡತಿಯ ದನಿ, ಎಲ್ಲವೂ ಒಂದರ ಹಿಂದೊಂದು ಬಂದವು. ಅವನು ಮೊಬೈಲಿನ ಮೇಲೆ ಅಂಗೈ ಮುಚ್ಚಿದ. ಮುಚ್ಚಿದ ಮೇಲೆ, ಯಾವ ಕಿವಿಯಿಂದ ಮುಚ್ಚಿಡುತ್ತಿದ್ದೇನೆ ಎಂದು ನೆನಪಾಗಿ ತೆಗೆದ. ಆ ಕಡೆ ಸದ್ದೇ ಇರಲಿಲ್ಲ. ಫೋನ್ ಇಟ್ಟಿರಲಿಲ್ಲ, ಉಸಿರು ಕೇಳುತ್ತಿತ್ತು. ಅವಳು ಕೇಳಿಸಿಕೊಳ್ಳುತ್ತಿದ್ದಳು. ಈ ಮನೆಯ ಸೋಫಾವನ್ನು, ಕೂತವರನ್ನು, ತಟ್ಟೆಯನ್ನು, ತನ್ನದೇ ದನಿಯನ್ನು, ಆ ದನಿಯನ್ನು ಆಡಿಕೊಂಡು ನಕ್ಕವರನ್ನು, ಲ್ಯಾಬಿನಲ್ಲಿದ್ದೇನೆ ಎಂದವನನ್ನು, ಎಲ್ಲವನ್ನೂ ಒಂದೊಂದಾಗಿ ಕೇಳಿಸಿಕೊಳ್ಳುತ್ತಿದ್ದಳು. ಪರದೆಯಲ್ಲಿ ನಿರೂಪಕಿ, ಈಗಲೇ ಮಾಡಿಯಮ್ಮಾ, ತಮ್ಮ ಖುಷಿಪಡ್ತಾರೆ, ಎನ್ನುತ್ತಿದ್ದಳು. ಮಾಡ್ತೀನಮ್ಮ, ಎಂದಳು ಅಕ್ಕ ಅಲ್ಲಿ, ಒಳ್ಳೆಯದಾಗಲಿ ನಿಮಗೆ.

ಮೊಬೈಲಿನಲ್ಲಿ ಅಕ್ಕ ಗಂಟಲು ಸರಿಮಾಡಿಕೊಂಡಳು.

‘ಟಿವಿ ಸ್ವಲ್ಪ ಸಣ್ಣದು ಮಾಡೋ,’ ಎಂದಳು.

ಕೋಪವಿರಲಿಲ್ಲ. ಅಳುವೂ ಇರಲಿಲ್ಲ. ಎಷ್ಟೋ ವರ್ಷ ಫೋನಿನ ಮುಂದೆ ಕೂತು, ಆ ಕಡೆಯವರ ಗದ್ದಲ ಅಡಗುವವರೆಗೆ ಕಾದು ಅಭ್ಯಾಸವಾದವಳ ದನಿ ಅದು. ಅವನು ತಿರುಗಿದ. ಸೋಫಾದಲ್ಲಿ ಕೂತವರೆಲ್ಲ ಇವನ ಕಡೆಗೇ ತಿರುಗಿದ್ದರು. ಜಡ್ಜನ ನಗು ಅರ್ಧಕ್ಕೆ ನಿಂತಿತ್ತು. ಅವನು ಪರದೆಯನ್ನೊಮ್ಮೆ, ಇವನ ಕೈಯ ಮೊಬೈಲನ್ನೊಮ್ಮೆ ನೋಡುತ್ತಿದ್ದ. ಇವನು ರಿಮೋಟನ್ನು ಎತ್ತಿ ಸದ್ದು ಇಳಿಸುವ ಗುಂಡಿ ಒತ್ತಿ ಹಿಡಿದ. ನಿರೂಪಕಿಯ ದನಿ ಸಣ್ಣದಾಗುತ್ತ, ಸಣ್ಣದಾಗುತ್ತ, ಬರೀ ತುಟಿಯಾಡಿಸುವ ಮುಖವಾಗಿ ಉಳಿಯಿತು.

‘ಹಾಂ,’ ಎಂದಳು ಅಕ್ಕ. ‘ಈಗ ಹೇಳು.’